ಅಂಗನವಾಡಿ ಗಾಡಿ

ಮಕ್ಕಳನ್ನು ಅದಿರಿನ ಲಾರಿಯಲ್ಲಿ ಕೂರಿಸಿಕೊಂಡು ಸಂಡೂರಿನಿಂದ ಕಡಲತನಕ ಓಡಾಡಬೇಕಾದೀತು ಎಂದು ಪರಶುರಾಮ್ ಎಂದೂ ಅಂದುಕೊಂಡವನಲ್ಲ. ಹೆಂಡತಿ ಯಲ್ಲಕ್ಕ ಕಾಮಾಲೆಯಲ್ಲಿ ತೀರಿಹೋದ ಮೇಲೆ ಇಬ್ಬರು ಮಕ್ಕಳನ್ನೂ ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ ಅವನ ಅಕ್ಕ ನಿಂಗಕ್ಕ ನೋಡಿಕೊಂಡಿದ್ದಳು. ಅವಳಿಗೆ ಗಂಡ ಇರಲಿಲ್ಲ, ಮಕ್ಕಳೂ ಆಗಿರಲಿಲ್ಲ; ಕೂಲಿಗೆ ಹೋದರೆ ಒಲೆ ಹೊತ್ತುವ ಮನೆ. ಮಗಳು ಸಂಘಮಿತ್ರಾಳಿಗೆ ಐದು ನಡೆಯುತ್ತಿತ್ತು. ಹೊಸಪೇಟೆಯಲ್ಲಿ ಅಂಬೇಡ್ಕರ್ ಜಯಂತಿಯ ಸಭೆಯೊಂದರಲ್ಲಿ ಕೇಳಿದ ಹೆಸರನ್ನು ಯಲ್ಲಕ್ಕ ಆಸೆಪಟ್ಟು ಮಗಳಿಗೆ ಇಟ್ಟಿದ್ದಳು. ಊರಿನವರ ಬಾಯಲ್ಲಿ ಅದು ಸಂಗಿ ಆಗಿತ್ತು. ಮಗ ಎರಡು ವರ್ಷದವನು, ಅಜ್ಜನ ಹೆಸರು ಹೊತ್ತ ಗುಡ್ಡಪ್ಪ.

ಎರಡು ಸಾವಿರದ ಐದನೇ ಇಸವಿಯ ಮಳೆಗಾಲ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾಗಿತ್ತು. ನಿಂಗಕ್ಕ ಮಕ್ಕಳನ್ನು ಬದುವಿನ ಮೇಲೆ ಕೂರಿಸಿ ಕೆಸರಿಗಿಳಿಯುತ್ತಿದ್ದಳು. ಒಂದು ದಿನ ಬಗ್ಗಿದವಳು ಎದ್ದು ನೋಡುವಷ್ಟರಲ್ಲಿ ಗುಡ್ಡಪ್ಪ ಅಲ್ಲಿರಲಿಲ್ಲ. ಕಾಲುವೆಯ ನೀರಿನಲ್ಲಿ ಕೊಚ್ಚಿಕೊಂಡು ಹೋಗುತ್ತಿದ್ದವನನ್ನು ಪಕ್ಕದ ಗದ್ದೆಯ ಹೆಣ್ಣುಮಗಳೊಬ್ಬಳು ಅಂಗಿ ಹಿಡಿದು ಎಳೆದಳು. ಬದುಕಿದ. ಆ ವಾರ ಊರಿಗೆ ಬಂದ ತಮ್ಮನಿಗೆ ಊಟಕ್ಕಿಡುತ್ತಾ ನಿಂಗಕ್ಕ ಹೇಳಿದಳು:

“ನನ್ನ ಕೈಲೆ ಆಗಂಗಿಲ್ಲೋ ತಮ್ಮಾ. ನಾಟಿ ಮುಗಿಯೋತನ ನಿನ್ನ ಹತ್ರನ ಇಟ್ಕೋ. ಆಮ್ಯಾಲೆ ಕರ್ಕೊಂಡು ಬಾ, ನಾ ನೋಡ್ಕೊಂತೀನಿ.”

ಪರಶುರಾಮ್ ಹೊಸಪೇಟೆಯ ಎರ್ರೆಪ್ಪನ ಲಾರಿ ಓಡಿಸುತ್ತಿದ್ದ. ಆ ವರ್ಷಗಳಲ್ಲಿ ಸಂಡೂರಿನ ಗುಡ್ಡದ ಕೆಂಪು ಮಣ್ಣಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಎರ್ರೆಪ್ಪ ಎರಡೇ ವರ್ಷದಲ್ಲಿ ಆರು ಲಾರಿಗಳ ಸಾವ್ಕಾರನಾಗಿದ್ದ. ಮೈನ್ಸಿನಲ್ಲಿ ಲೋಡು ತುಂಬಿಸಿಕೊಂಡು ಹೊರಟರೆ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಬಂದರಿನಲ್ಲಿ ಸುರಿದು ಬರಬೇಕು. ಹೋಗಿ ಬರಲು ನಾಲ್ಕು ದಿನ, ದಾರಿ ಕೆಟ್ಟರೆ ಆರು. ಅಂಥ ದಾರಿಗೆ ಪರಶುರಾಮ್ ಎರಡು ಮಕ್ಕಳನ್ನು ಹತ್ತಿಸಿಕೊಂಡ. ಸೀಟಿನ ಹಿಂದಿನ ಹಲಗೆಯ ಮೇಲೆ ಯಲ್ಲಕ್ಕ ಹೊಲಿದ ಕೌದಿ ಹಾಸಿದ. ಬಂಡ್ರಿಯ ಒಂದು ಚಾದಂಗಡಿಯಲ್ಲಿ ಮಕ್ಕಳನ್ನು ಬಿಟ್ಟು ಲೋಡು ತುಂಬಿಸಿಕೊಂಡು ಬಂದ. ಅಂಗಡಿಯವಳು ಗುಡ್ಡಪ್ಪನಿಗೆ ಬನ್ನು ತಿನ್ನಿಸಿದ್ದಳು. ಸಂಘಮಿತ್ರಾ ತಮ್ಮನನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು, ಅಪ್ಪ ಹೋದ ದಾರಿಯನ್ನೇ ನೋಡುತ್ತಾ ಕುಳಿತಿದ್ದಳು.

ಮೊದಲ ಎರಡು ದಿನ ಅವನಿಗೆ ತಲೆ ಕೆಟ್ಟುಹೋಯಿತು. ಒಬ್ಬರಿಗೆ ಹಸಿವಾದಾಗ ಇನ್ನೊಬ್ಬರಿಗೆ ನಿದ್ದೆ, ಒಬ್ಬರನ್ನು ಇಳಿಸಿ ಹತ್ತಿಸುವಷ್ಟರಲ್ಲಿ ಇನ್ನೊಬ್ಬರು ಒದ್ದೆ. ಆದರೆ ಮೂರನೆಯ ದಿನ, ಬಂದರಿನಲ್ಲಿ ಲಾರಿ ತೂಗುವ ಕಾಟಾದ ಮುಂದೆ ನೂರಾರು ಲಾರಿ ಸಾಲುಗಟ್ಟಿ ನಿಂತಿದ್ದಾಗ, ಗುಡ್ಡಪ್ಪ ಅತ್ತು ಅತ್ತು ಮುಖ ಕೆಂಪಾಗಿಸಿಕೊಂಡಿದ್ದನ್ನು ಕಾವಲಿನವನು ನೋಡಿದ. ತಾಯಿ ಎಲ್ಲಿ ಎಂದು ಕೇಳಿದ. ಇಲ್ಲ ಎಂದಾಗ ಕೈ ಬೀಸಿ ಲಾರಿಯನ್ನು ಮುಂದಕ್ಕೆ ಬಿಟ್ಟ. ಹಿಂದಿನವರಲ್ಲಿ ಒಬ್ಬನೂ ತಕರಾರು ತೆಗೆಯಲಿಲ್ಲ.

ಮಕ್ಕಳು ಜೊತೆಗಿದ್ದರೆ ದಾರಿ ಬೇರೆಯೇ ಆಗುತ್ತದೆ ಎಂಬುದು ಅವನಿಗೆ ಹೀಗೆ ಗೊತ್ತಾಗುತ್ತಾ ಹೋಯಿತು. ಒಬ್ಬನೇ ಹೋದಾಗ ತಟ್ಟೆ ಕುಕ್ಕಿ ಹೋಗುತ್ತಿದ್ದ ಹೋಟೆಲಿನವರು ಈಗ ಬಿಸಿನೀರು ಕೊಡುತ್ತಿದ್ದರು, ಹಾಲು ಕಾಸಿ ಆರಿಸಿ ತರುತ್ತಿದ್ದರು. ಕಲಘಟಗಿಯ ಹತ್ತಿರ ಒಬ್ಬ ಮುದುಕಿ ಸಂಘಮಿತ್ರಾಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಆಮೇಲೆ ಪ್ರತಿ ಸಲ ಅವಳ ಮನೆಯ ಮುಂದೆ ಲಾರಿ ನಿಲ್ಲಿಸುವುದು ರೂಢಿಯಾಯಿತು. ಗುಟ್ಕಾ ಬಿಟ್ಟುಹೋಯಿತು, ಏಕೆಂದರೆ ಗುಡ್ಡಪ್ಪ ಅವನಂತೆಯೇ ತುಟಿ ಉಬ್ಬಿಸಿ ಉಗುಳಲು ಕಲಿತಿದ್ದ. ಕುಡಿತ ಬಿಟ್ಟಿತು. ಎಲ್ಲಕ್ಕಿಂತ ದೊಡ್ಡದೆಂದರೆ ನಿದ್ದೆಗಣ್ಣಿನಲ್ಲಿ ಓಡಿಸುವುದು ತಪ್ಪಿತು. ಡ್ರೈವರುಗಳು ಗಿಟ್ಟುವಷ್ಟು ಟ್ರಿಪ್ಪು ಹೊಡೆಯಲು ಕಣ್ಣು ಮುಚ್ಚದೆ ಓಡಿಸಿ, ಗದ್ದೆಗೋ ಮರಕ್ಕೋ ನುಗ್ಗಿಸಿ ಸಾಯುತ್ತಿದ್ದ ಕಾಲ ಅದು. ಪರಶುರಾಮ್ ಕತ್ತಲಾದೊಡನೆ ಬಂಕಿನ ಪಕ್ಕ ಲಾರಿ ಹಾಕಿ, ಮಕ್ಕಳಿಗೆ ಉಣ್ಣಿಸಿ ಮಲಗಿಬಿಡುತ್ತಿದ್ದ.

ಹಗಲೆಲ್ಲ ಮಗಳ ಪ್ರಶ್ನೆಗಳು. ಆ ಗುಡ್ಡಕ್ಕೆ ಯಾಕೆ ಬಾಗಿಲಿಲ್ಲ, ಈ ಮಣ್ಣನ್ನು ಸಮುದ್ರ ತಿನ್ನುತ್ತದಾ, ಎದುರಿಗೆ ಬರುವ ಲಾರಿಗಳು ಖಾಲಿ ಆಗಿದ್ದರೂ ಯಾಕೆ ಓಡುತ್ತವೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ತನಗೆ ತಿಳಿದಷ್ಟು ಹೇಳುತ್ತಿದ್ದ. ಮೈಲುಗಲ್ಲು ತೋರಿಸಿ ಒಂದೊಂದೇ ಅಕ್ಷರ ಹೇಳಿಕೊಟ್ಟ. ದೀಪಾವಳಿಯ ಹೊತ್ತಿಗೆ ಅವಳು ಗದಗ ಎಂದು ತಾನೇ ಓದುತ್ತಿದ್ದಳು; ಕೊಪ್ಪಳದಂಥ ಒತ್ತಕ್ಷರ ಬಂದರೆ ಮಾತ್ರ ತಡವರಿಸುತ್ತಿದ್ದಳು. ಮುಂದಿನ ಲಾರಿಯ ಬೆನ್ನ ಮೇಲೆ ಬರೆದದ್ದನ್ನೆಲ್ಲ ಕೂಗಿ ಓದುವಳು, ಗುಡ್ಡಪ್ಪ ಅದನ್ನೇ ತೊದಲುವನು. ಬೇರೆ ಡ್ರೈವರುಗಳು ಅವನ ಲಾರಿಗೆ ಅಂಗನವಾಡಿ ಗಾಡಿ ಎಂದು ಹೆಸರಿಟ್ಟರು. ಅದನ್ನು ಮೊದಲು ಅಂದವನು ಸಂಡೂರಿನ ಕೆಂಚಣ್ಣ, ಅವನ ಜೊತೆಯಲ್ಲೇ ಲೋಡು ಹೊಡೆಯುತ್ತಿದ್ದ ಹಳೆಯ ಡ್ರೈವರು. ಯಲ್ಲಕ್ಕ ಹೋದ ಮೇಲೆ ಪರಶುರಾಮ್ ಮೊದಲ ಸಲ ನಕ್ಕದ್ದು ಆಗಲೇ ಎಂದು ಕೆಂಚಣ್ಣ ಮುಂದೆ ಎಷ್ಟೋ ಜನರಿಗೆ ಹೇಳುತ್ತಿದ್ದ.

ನಾಟಿ ಯಾವಾಗಲೋ ಮುಗಿದಿತ್ತು. ಕೊಯ್ಲೂ ಮುಗಿಯಿತು. ನಿಂಗಕ್ಕ ಎರಡು ಸಲ ಹೇಳಿಕಳಿಸಿದಳು. ಪರಶುರಾಮ್ ಮುಂದಿನ ವಾರ, ಮುಂದಿನ ಟ್ರಿಪ್ಪು ಎನ್ನುತ್ತಾ ದಿನ ತಳ್ಳಿದ.

ಎರ್ರೆಪ್ಪನಿಗೆ ಮಕ್ಕಳ ವಿಷಯ ತಿಳಿದಾಗ ಮೊದಲು ಬೈದ. ಲಾರಿಯೇನು ಮನೆಯಾ ಎಂದ. ಆದರೆ ಅವನು ಲೆಕ್ಕವಿಲ್ಲದೆ ಬೈಯುವ ಮನುಷ್ಯನಲ್ಲ. ತನ್ನ ಬೇರೆ ಐದು ಲಾರಿಗಳನ್ನು ದಾರಿಯ ತಪಾಸಣೆಯವರು ಮೇಲಿಂದ ಮೇಲೆ ನಿಲ್ಲಿಸುತ್ತಿದ್ದರೂ ಪರಶುರಾಮನದು ಮಾತ್ರ ಸಲೀಸಾಗಿ ಹೋಗಿ ಬರುವುದನ್ನು ಗಮನಿಸಿದ. ಕಿಟಕಿಯಲ್ಲಿ ಎರಡು ಪುಟ್ಟ ಮುಖ ಕಂಡರೆ, ಟಾರ್ಚು ಹಿಡಿದು ಬಂದವನೂ ತಾಡಪತ್ರಿ ಎತ್ತಿ ನೋಡದೆ ಹೋಗು ಎನ್ನುತ್ತಿದ್ದ. ಅಂದಿನಿಂದ ಎರ್ರೆಪ್ಪ ಪರ್ಮಿಟ್ಟಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಅದಿರನ್ನು ಆ ಲಾರಿಗೇ ತುಂಬಿಸತೊಡಗಿದ. ಮಕ್ಕಳಿಗೆ ಬಿಸ್ಕೀಟು ಪೊಟ್ಟಣ ತಂದುಕೊಡುತ್ತಿದ್ದ. ಪರಶುರಾಮನಿಗೆ ಇದು ಅರ್ಥವಾಗದೆ ಇರಲಿಲ್ಲ. ಲಾರಿ ಘಟ್ಟದಲ್ಲಿ ಮೊದಲಿಗಿಂತ ಹೆಚ್ಚು ಮುಲುಗುವುದು, ಬ್ರೇಕು ತಡವಾಗಿ ಹಿಡಿಯುವುದು ಅವನ ಕಾಲಿಗೇ ಗೊತ್ತಾಗುತ್ತಿತ್ತು. ಆದರೂ ಸುಮ್ಮನಿದ್ದ. ಮಕ್ಕಳನ್ನು ಜೊತೆಗಿಟ್ಟುಕೊಳ್ಳಲು ಸಾವ್ಕಾರನೇ ಒಪ್ಪಿದ್ದಾನಲ್ಲ ಎಂಬ ಸಮಾಧಾನವೇ ಅವನಿಗೆ ಸಾಕಾಗಿತ್ತು.

ಬೇಸಿಗೆಯಲ್ಲಿ ಗುಡ್ಡಪ್ಪನಿಗೆ ಕೆಮ್ಮು ಹಿಡಿಯಿತು. ಸಂಡೂರಿನ ದಾರಿಯಲ್ಲಿ ಮರ, ಮನೆಯ ಮಾಡು, ನಾಯಿ, ಎಮ್ಮೆ ಎಲ್ಲವೂ ಕೆಂಪಾಗಿದ್ದವು. ಮಕ್ಕಳ ಮೂಗಿನಿಂದ ಬರುವುದೂ ಕೆಂಪಗೇ ಇರುತ್ತಿತ್ತು. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ ಹುಡುಗ ಕಿತ್ತೆಸೆಯುತ್ತಿದ್ದ. ಡ್ರೈವರುಗಳಿಗೆಲ್ಲ ಇರುವ ಕೆಮ್ಮೇ ಇದೂ ಎಂದು ಪರಶುರಾಮ್ ಅಂದುಕೊಂಡಿದ್ದ.

ಮೇ ತಿಂಗಳಲ್ಲಿ ಲಾರಿಯ ಸ್ಪ್ರಿಂಗಿನ ಪಾಟಾ ಮುರಿದು ಹೊಸಪೇಟೆಯ ಗ್ಯಾರೇಜಿನಲ್ಲಿ ಎರಡು ದಿನ ನಿಲ್ಲಬೇಕಾಯಿತು. ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಹಂಪಿಗೆ ಹೋದ. ಹೊಳೆಯಲ್ಲಿ ಮೂವರೂ ಮೀಯುತ್ತಾ ಕುಳಿತರು. ಮೈಯಿಂದ ಇಳಿದ ಕೆಂಪು ನೀರು ಬಂಡೆಯ ಮೇಲೆ ಹರಿದು ಹೋಯಿತು. ಗುಡ್ಡಪ್ಪ ಕಲ್ಲಿನ ಮಂಟಪಗಳೊಳಗೆ ಅಕ್ಕನನ್ನು ಅಟ್ಟಿಸಿಕೊಂಡು ಸಂಜೆತನಕ ಓಡಿದ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಪರಶುರಾಮನಿಗೆ ಹೊಳೆಯಿತು, ಹುಡುಗ ಬೆಳಗಿನಿಂದ ಒಂದು ಸಲವೂ ಕೆಮ್ಮಿಲ್ಲ.

ಮಾರನೆಯ ದಿನವೇ ಹೊಸಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಸಂಘಮಿತ್ರಾ ಗೋಡೆಯ ಕ್ಯಾಲೆಂಡರು ಓದುತ್ತಾ ಅಲ್ಲೇ ನಿಂತಿದ್ದಳು. ಡಾಕ್ಟರು ಹುಡುಗನ ಎದೆಗೆ ಕೊಳವೆಯಿಟ್ಟು ತುಂಬಾ ಹೊತ್ತು ಕೇಳಿದರು. ಮನೆ ಎಲ್ಲಿ ಎಂದು ವಿಚಾರಿಸಿದರು. ಲಾರಿಯಲ್ಲೇ ಇರುತ್ತೇವೆ ಎಂದು ಪರಶುರಾಮ್ ಹೇಳಿದಾಗ ತಲೆಯೆತ್ತಿ ಅವನ ಮುಖ ನೋಡಿದರು.

“ಇವನಿಗೆ ದಮ್ಮು ಐತಪ್ಪ. ಮಾತ್ರೆ ಬರಕೊಡ್ತೀನಿ, ಆದ್ರ ಮಾತ್ರೆಯಿಂದ ಆಗೋದಲ್ಲ ಇದು. ಲಾರಿ ಹತ್ತಿಸಬ್ಯಾಡ. ಧೂಳಿಗೆ, ಥಂಡಿಗೆ ಬಿಟ್ಟರ ಕೈಮೀರಿ ಹೋಗ್ತದ.”

ಸರಿ ಎಂದು ತಲೆಯಾಡಿಸಿ ಬಂದ. ಆ ಕ್ಷಣಕ್ಕೆ ನಿಜವಾಗಿಯೂ ಮಕ್ಕಳನ್ನು ಮೆಟ್ರಿಯಲ್ಲಿ ಬಿಡಬೇಕೆಂದೇ ಇದ್ದ. ಜೂನಿನಲ್ಲಿ ಶಾಲೆ ತೆರೆಯಿತು. ನಿಂಗಕ್ಕ ತಾನೇ ಹೊಸಪೇಟೆಗೆ ಬಂದು, ಹುಡುಗಿಯನ್ನು ಒಂದನೇ ತರಗತಿಗೆ ಹಾಕೋಣ, ಹುಡುಗನನ್ನು ಅಂಗನವಾಡಿಗೆ ಬಿಡೋಣ, ಈ ಸಲ ತಾನು ನಾಟಿಗೆ ಹೋಗುವುದಿಲ್ಲ ಎಂದಳು. ಪರಶುರಾಮ್ ಅವಳಿಗೆ ಡಾಕ್ಟರ ಮಾತು ಹೇಳಲಿಲ್ಲ. ಮಾತ್ರೆಯಿಂದ ಕೆಮ್ಮು ಸ್ವಲ್ಪ ಇಳಿದಿತ್ತು. ಜುಲೈ ಮೊದಲ ವಾರ ಬಿಟ್ಟುಹೋಗುತ್ತೇನೆ ಎಂದು ಮಾತು ಕೊಟ್ಟು ಕಳಿಸಿದ.

ಜುಲೈಯಲ್ಲಿ ಎರ್ರೆಪ್ಪನ ಮುಂದೆ ವಿಷಯ ಎತ್ತಿದ. ಎರ್ರೆಪ್ಪ ಸಿಟ್ಟು ಮಾಡಲಿಲ್ಲ.

“ಬಿಟ್ಟು ಬಾರಪ್ಪ, ನಾ ಬ್ಯಾಡ ಅನ್ನಂಗಿಲ್ಲ. ಈ ಒಂದ್ ಟ್ರಿಪ್ಪು ಮಾತ್ರ ಕರ್ಕೊಂಡು ಹೋಗು. ಲೋಡು ಭಾಳ ಐತಿ. ಕೂಸುಗಳು ಮುಂದ ಕುಂತಿದ್ರ ಯಾರೂ ಇಳಸಂಗಿಲ್ಲ.”

ಆಗುವುದಿಲ್ಲ ಎಂದಿದ್ದರೆ ಎರ್ರೆಪ್ಪ ಬೇರೆ ಡ್ರೈವರನ್ನು ಕಳಿಸುತ್ತಿದ್ದನೇ ಹೊರತು ಹೊಡೆಯುತ್ತಿರಲಿಲ್ಲ. ಡ್ರೈವರುಗಳಿಗೆ ಆಗ ಎಲ್ಲಿ ಹೋದರೂ ಕೆಲಸವಿತ್ತು. ಅದು ಪರಶುರಾಮನಿಗೆ ಅಂದೂ ಗೊತ್ತಿತ್ತು. ಆಗಲಿ ಎಂದದ್ದು ಹೆದರಿ ಅಲ್ಲ. ಕೊನೆಯ ಸಲ ಮೂವರೂ ಒಟ್ಟಿಗೆ ಕಡಲು ನೋಡಿ ಬರೋಣ ಎಂದು ಅವನಿಗೇ ಆಸೆಯಾಗಿತ್ತು.

ಘಟ್ಟದಲ್ಲಿ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಅರಬೈಲಿನ ಇಳಿಜಾರಿನಲ್ಲಿ ಒಂದು ಅದಿರು ಲಾರಿ ತಿರುವಿಗೆ ಅಡ್ಡಬಿದ್ದು, ಅದನ್ನು ದಾಟಲು ಹೋದ ಇನ್ನೊಂದು ಕೆಸರಿನಲ್ಲಿ ಹೂತು, ಹಿಂದೆ ಮುಂದೆ ಹರದಾರಿಗಟ್ಟಲೆ ಲಾರಿ ನಿಂತುಬಿಟ್ಟವು. ಒಂದು ಹಗಲು, ಒಂದು ರಾತ್ರಿ ಕಳೆಯಿತು. ಹತ್ತಿರದಲ್ಲಿ ಹೋಟೆಲಿಲ್ಲ, ಮನೆಯಿಲ್ಲ. ಡ್ರೈವರುಗಳು ಲಾರಿಯ ಅಡಿಯಲ್ಲೇ ಸ್ಟೋವ್ ಹೊತ್ತಿಸಿ ಗಂಜಿ ಬೇಯಿಸಿ ಮಕ್ಕಳಿಗೆ ಮೊದಲು ತಂದುಕೊಟ್ಟರು. ಕೌದಿಯೆಲ್ಲ ತೇವ ಹಿಡಿದಿತ್ತು. ಎರಡನೆಯ ಬೆಳಿಗ್ಗೆ ಗುಡ್ಡಪ್ಪ ಗಂಜಿ ಮುಟ್ಟಲಿಲ್ಲ. ಉಸಿರೆಳೆದಾಗಲೆಲ್ಲ ಅವನ ಪಕ್ಕೆಲುಬಿನ ಸಂದು ಒಳಕ್ಕೆ ಹೋಗುತ್ತಿತ್ತು. ಮಾತ್ರೆ ಕೊಟ್ಟರೆ ಕಕ್ಕಿದ. ತುಟಿಯ ಬಣ್ಣ ತಿರುಗಿದ್ದನ್ನು ಮೊದಲು ಕಂಡವಳು ಸಂಘಮಿತ್ರಾ.

ಪರಶುರಾಮ್ ಮಗನನ್ನು ಎತ್ತಿಕೊಂಡು ಮಳೆಯಲ್ಲೇ ಇಳಿಜಾರು ಹಿಡಿದ. ಮೂರು ಲಾರಿ ಹಿಂದಿದ್ದ ಕೆಂಚಣ್ಣ ಸಂಘಮಿತ್ರಾಳನ್ನು ಹೆಗಲಿಗೇರಿಸಿ ಹಿಂದೆಯೇ ಬಂದ. ಸುದ್ದಿ ಸಾಲಿನುದ್ದಕ್ಕೂ ಹರಡಿತು. ಡ್ರೈವರುಗಳು ಇಳಿದು ತಾಡಪತ್ರಿ ಎತ್ತಿ ಹಿಡಿದರು, ಒಬ್ಬರು ದಣಿದಾಗ ಇನ್ನೊಬ್ಬರು ಹುಡುಗನನ್ನು ಎತ್ತಿಕೊಂಡು ಓಡಿದರು. ಅಂಗನವಾಡಿ ಗಾಡಿಯ ಕೂಸು, ದಾರಿ ಬಿಡ್ರಿ ಎಂದು ಮುಂದಿನವರಿಗೆ ಕೂಗಿ ಹೇಳುತ್ತಿದ್ದರು. ಆದರೆ ಬಿಡಲು ದಾರಿಯೇ ಇರಲಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ನಡುವೆ ಬರೀ ಲಾರಿ. ಸಾಲು ದಾಟಲು ಎರಡು ಗಂಟೆ ಹಿಡಿಯಿತು. ಅಲ್ಲಿ ಒಬ್ಬ ಬೈಕಿನವನು ಸಿಕ್ಕಿದ. ತಂದೆ ಮಗ ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಹೊರಟ.

ಘಟ್ಟದ ಕೆಳಗೆ ಕಡಲ ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸುಗಳು ತಮ್ಮಿಂದಾದದ್ದನ್ನೆಲ್ಲ ಮಾಡಿದರು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗುಡ್ಡಪ್ಪ ತೀರಿಕೊಂಡ. ಅವನಿಗೆ ಮೂರು ವರ್ಷ, ಎರಡು ತಿಂಗಳು.

ಕೆಂಚಣ್ಣ ಸಂಘಮಿತ್ರಾಳನ್ನು ಕರೆದುಕೊಂಡು ಬರುವಾಗ ಸಂಜೆಯಾಗಿತ್ತು. ಊರಿಗೆ ಒಯ್ಯಲು ದಾರಿಯಿಲ್ಲ. ಪಟ್ಟಣದವರು ತೋರಿಸಿದ ಜಾಗದಲ್ಲಿ, ಯಾರೆಂದು ಗೊತ್ತಿಲ್ಲದ ಇಬ್ಬರು ಗುಂಡಿ ತೋಡಿಕೊಟ್ಟರು. ಮರಳು ಮಣ್ಣು, ತೋಡಿದಷ್ಟೂ ಅಂಚು ಕುಸಿಯುತ್ತಿತ್ತು. ಹೂತು ಬಂದ ಮೇಲೆ ಎರ್ರೆಪ್ಪನ ಫೋನು ಬಂತು. ಕೇಳಿ ಬಹಳ ಮರುಗಿದ, ಅತ್ತಂತೆಯೂ ಇತ್ತು. ಕೊನೆಗೆ ಲಾರಿಯನ್ನು ಅಲ್ಲಿ ಬಿಟ್ಟು ಬರಬೇಡ ಎಂದ. ಮಾರನೆಯ ದಿನ ದಾರಿ ತೆರೆದಾಗ ಪರಶುರಾಮ್ ಘಟ್ಟ ಹತ್ತಿ ಹೋಗಿ ಲಾರಿ ಇಳಿಸಿ, ಬಂದರಿನಲ್ಲಿ ಅದಿರು ಸುರಿದು, ಮಗಳನ್ನು ಕೂರಿಸಿಕೊಂಡು ವಾಪಸ್ಸು ಹೊರಟ. ಹೋಗುವಾಗ ಓದಿದ ಬೋರ್ಡುಗಳಲ್ಲಿ ಒಂದನ್ನೂ ಅವಳು ಬರುವಾಗ ಓದಲಿಲ್ಲ.

ಮೆಟ್ರಿಯಲ್ಲಿ ನಿಂಗಕ್ಕ ಎದೆ ಬಡಿದುಕೊಂಡು ಅತ್ತಳು. ಬೈಯುತ್ತಾಳೆ ಎಂದು ಅವನು ಕಾದಿದ್ದ. ಅವಳು ಬೈದದ್ದು ತನ್ನನ್ನೇ. ಹೋದ ವರ್ಷ ಕೂಲಿ ಬಿಟ್ಟು ಕೂಸುಗಳನ್ನು ನೋಡಿಕೊಂಡಿದ್ದರೆ ಇದು ಆಗುತ್ತಿರಲಿಲ್ಲ, ನಾನೇ ಕೈಯಾರೆ ಹತ್ತಿಸಿ ಕಳಿಸಿದೆ ಎಂದು ಹಲುಬಿದಳು. ಸುತ್ತ ಓಣಿಯ ಜನ ಕುಳಿತಿದ್ದರು. ಮೂಲೆಯಲ್ಲಿದ್ದ ಸಂಘಮಿತ್ರಾ ಎದ್ದು ಬಂದು ಅತ್ತೆಯ ಕೈ ಹಿಡಿದುಕೊಂಡಳು.

“ನೀ ಅಲ್ಲತ್ತಿ. ಲಾರಿ ಹತ್ತಿಸಬ್ಯಾಡ ಅಂತ ಡಾಕ್ಟ್ರು ಅಪ್ಪಗ ಹೇಳಿದ್ರು.”

ನಿಂಗಕ್ಕ ತಮ್ಮನ ಕಡೆ ನೋಡಿದಳು. ಅವನು ತಲೆಯೆತ್ತಲಿಲ್ಲ. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ಆ ಮೇಲೆ ಅವಳು ಅವನಿಗೆ ಅನ್ನ ಇಟ್ಟಳು, ಬಟ್ಟೆ ಒಗೆದಳು, ಆದರೆ ತಮ್ಮಾ ಎಂದು ಕರೆಯುವುದನ್ನು ನಿಲ್ಲಿಸಿದಳು.

ಸಂಘಮಿತ್ರಾ ಮೆಟ್ರಿಯ ಶಾಲೆಗೆ ಸೇರಿದಳು. ಒಂದನೇ ತರಗತಿಯಲ್ಲೇ ನಾಲ್ಕನೆಯವರ ಪುಸ್ತಕ ಓದುವ ಹುಡುಗಿಯನ್ನು ಕಂಡು ಮಾಸ್ತರರು ಬೆರಗಾಗಿ, ಯಾರು ಕಲಿಸಿದರು ಎಂದು ಕೇಳಿದರಂತೆ. ಅವಳು ಉತ್ತರ ಕೊಡಲಿಲ್ಲವಂತೆ. ಪರಶುರಾಮ್ ಎರ್ರೆಪ್ಪನ ಕೆಲಸ ಬಿಟ್ಟು ಬೇರೆ ಸಾವ್ಕಾರನ ಲಾರಿ ಹಿಡಿದ. ಗುಟ್ಕಾ ಮತ್ತೆ ಹಿಡಿಯಿತು, ಕುಡಿತವೂ. ಎಲ್ಲರಂತೆ ಹಗಲಿರುಳು ಓಡಿಸಿದ. ತಪಾಸಣೆಯವರು ನಿಲ್ಲಿಸಿದರು, ಹೋಟೆಲಿನವರು ತಟ್ಟೆ ಕುಕ್ಕಿದರು. ಕಲಘಟಗಿಯ ಹತ್ತಿರದ ಮುದುಕಿ ಒಮ್ಮೆ ಲಾರಿಗೆ ಕೈ ಮಾಡಿದ್ದನ್ನು ಕಂಡರೂ ನಿಲ್ಲಿಸದೆ ಹೋದ. ಹೋದ ಪ್ರತಿ ಸಲವೂ ಗುಡ್ಡಪ್ಪನನ್ನು ಹೂತ ಪಟ್ಟಣದ ಪಕ್ಕವೇ ಹಾಯ್ದು ಹೋಗಬೇಕಿತ್ತು. ಮೊದಲ ವರ್ಷ ಇಳಿದು ಹುಡುಕಿಕೊಂಡು ಹೋಗುತ್ತಿದ್ದ. ಎರಡನೆಯ ಮಳೆಗಾಲ ಕಳೆದ ಮೇಲೆ ಮರಳೆಲ್ಲ ಒಂದೇ ಸಮನಾಗಿ, ಜಾಗ ಯಾವುದೆಂದು ತಿಳಿಯದೆ ಹೋಯಿತು.

ತಿಂಗಳಿಗೊಮ್ಮೆ ಊರಿಗೆ ಬರುವನು. ಮಗಳು ನೀರು ತಂದುಕೊಡುವಳು, ಕೇಳಿದ್ದಕ್ಕೆ ಉತ್ತರ ಹೇಳುವಳು. ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ದಾರಿಯುದ್ದಕ್ಕೂ ಸಾವಿರ ಪ್ರಶ್ನೆ ಕೇಳುತ್ತಿದ್ದವಳು ಇವಳೇನಾ ಎಂದು ಅವನಿಗೆ ಅನ್ನಿಸುತ್ತಿತ್ತು. ಕಡಲಿನ ಮಾತು, ಹಂಪಿಯ ಹೊಳೆಯ ಮಾತು ಎರಡು ಮೂರು ಸಲ ತೆಗೆದು ನೋಡಿದ. ನೆನಪಿಲ್ಲ ಎಂದಳು. ನಿಜವಾಗಿ ನೆನಪಿರಲಿಲ್ಲವೋ, ಹಾಗೆ ಹೇಳಿದಳೋ, ಅವನಿಗೆ ಗೊತ್ತಾಗಲಿಲ್ಲ.

ಎರಡು ಸಾವಿರದ ಹನ್ನೊಂದರ ಜೂನಿನಲ್ಲಿ ಅವಳಿಗೆ ಹೊಸಪೇಟೆ ಕಡೆಯ ವಸತಿ ಶಾಲೆಯೊಂದರಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿತು. ಕರೆದುಕೊಂಡು ಹೋಗಿ ಬಿಟ್ಟು ಬಂದವಳು ನಿಂಗಕ್ಕ. ಮುಂದಿನ ತಿಂಗಳು ಕೋರ್ಟಿನ ಆಜ್ಞೆಯಾಗಿ ಗಣಿಗಳೆಲ್ಲ ನಿಂತವು. ಸಂಡೂರು ದಾರಿಯ ಎರಡೂ ಬದಿ ಲಾರಿಗಳು ಸಾಲಾಗಿ ನಿಂತು, ಟೈರು ಇಳಿದು, ಕೆಳಗೆ ಹುಲ್ಲು ಬೆಳೆಯಿತು. ಕೆಂಚಣ್ಣ ಆಂಧ್ರದ ಕಡೆ ಕೆಲಸ ಹುಡುಕಿಕೊಂಡು ಹೋದ. ಪರಶುರಾಮ್ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹೊಟ್ಟು ಹೊರುವ ಕೆಲಸಕ್ಕೆ ಸೇರಿದ. ಈಗ ಅವನಿಗೆ ಪ್ರತಿ ವಾರ ರಜೆ, ಪ್ರತಿ ರಾತ್ರಿ ಮನೆ. ಮನೆಯಲ್ಲಿ ನಿಂಗಕ್ಕ ಒಬ್ಬಳೇ.

ಭಾನುವಾರ ಹಾಸ್ಟೆಲಿಗೆ ಹೋಗತೊಡಗಿದ. ಸಂಘಮಿತ್ರಾ ನೀಲಿ ಯೂನಿಫಾರ್ಮಿನಲ್ಲಿ ಹೊರಗೆ ಬಂದು ಕಟ್ಟೆಯ ಮೇಲೆ ಅವನ ಪಕ್ಕ ಕೂರುತ್ತಿದ್ದಳು. ಅವನು ತಂದ ಬಾಳೆಹಣ್ಣು, ಮಂಡಕ್ಕಿ ತೆಗೆದುಕೊಳ್ಳುತ್ತಿದ್ದಳು. ಅವನು ಕೆಮ್ಮಿದರೆ ಮಾತ್ರ ಮುಖ ಎತ್ತಿ ನೋಡುವಳು. ನವೆಂಬರಿನಲ್ಲಿ ಒಂದು ದಿನ ಧೈರ್ಯ ಮಾಡಿ, ದಸರಾ ರಜೆಯಲ್ಲಂತೂ ಆಗಲಿಲ್ಲ, ಬೇಸಿಗೆಯಲ್ಲಿ ಇಬ್ಬರೂ ಎಲ್ಲಿಗಾದರೂ ಹೋಗಿ ಬರೋಣವಾ ಎಂದು ಕೇಳಿದ. ರೈಲಿನಲ್ಲಿ ಹೋಗೋಣ, ನೀನು ಹೇಳಿದಲ್ಲಿಗೆ ಎಂದ.

ಅವಳು ಮಂಡಕ್ಕಿ ಪೊಟ್ಟಣದ ಬಾಯಿ ಕಟ್ಟಿದಳು.

“ನಾ ಎಲ್ಲಿಗೂ ಬರಂಗಿಲ್ಲಪ್ಪ. ಮುಂದಿನ ವಾರ ನೀನೂ ಬರಬ್ಯಾಡ, ಪರೀಕ್ಷೆ ಐತಿ.”

ಹೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಟೆ ಹೊಡೆಯಿತು, ಎದ್ದು ಒಳಗೆ ಹೋದಳು. ಪರೀಕ್ಷೆ ಯಾವುದು, ಎಂದು ಮುಗಿಯುತ್ತದೆ ಎಂದು ಅವನು ಕೇಳಿರಲಿಲ್ಲ. ಮುಂದಿನ ಭಾನುವಾರ ಗಿರಣಿಗೆ ಲೋಡು ಬಂದಿತ್ತು. ರಜೆ ಬೇಡವೆಂದು ಹೇಳಿ ಸಂಜೆತನಕ ಹೊಟ್ಟು ಹೊತ್ತ. ಅದರ ಮುಂದಿನ ಭಾನುವಾರವೂ ಹೊತ್ತ.